ಉಡುದಾರ ಬಿಗಿಯಾದಾಗ



ಬೀಜದ ವಿಷಯ, ಗೊಬ್ಬರದ ವಿಷಯ, ಕೀಟಬಾಧೆಯ ವಿಷಯ ಈ ಪತ್ರಿಕೆಯಲ್ಲಿ ಅನೇಕ ಸಲ ಬಂದಿವೆ. ಈ ಸಲ ಬೆಳೆ ಬೆಳೆಯುವವನ ಮೈಯ ವಿಷಯವನ್ನು ಬರೆಯಬೇಕೆಂದಿದ್ದೇನೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಮುಗಿಸಿ ನಿಮ್ಮ ಹಳ್ಳಿಗಳನ್ನು ಸುತ್ತುವ ಕೆಲಸದವನು. ಹಾಗಿದ್ದೂ ಬರೆಯುವ ಧೈರ್ಯ ಹೇಗೆ ಬಂತೆಂದರೆ, ಈ ಪಾಠವನ್ನು ಎಲ್ಲರಿಗಿಂತ ಮೊದಲು ಕಲಿಯಬೇಕಾಗಿದ್ದವನು ನಾನೇ.

ಕೆಲಸಕ್ಕೆ ಸೇರಿದಾಗ ನನ್ನ ತೂಕ 66 ಕಿಲೋ ಇತ್ತು. ಬೈಕು ಕೊಂಡೆ. ಕಚೇರಿಯಿಂದ ಹಳ್ಳಿಗೆ, ಹಳ್ಳಿಯೊಳಗೆ ಒಂದು ಬೀದಿಯಿಂದ ಇನ್ನೊಂದಕ್ಕೆ, ಕಡೆಗೆ ಹೊಲದ ಬದುವಿನವರೆಗೂ ಬೈಕೇ. ಹೋದ ಮನೆಯಲ್ಲೆಲ್ಲ ಚಹಾ. ಮೂರು ವರ್ಷ ಕಳೆಯುವುದರೊಳಗೆ ತೂಕ 79ಕ್ಕೆ ಏರಿತು. ಹೋದ ವರ್ಷ ಮುಂಗಾರಿನಲ್ಲಿ ಒಂದು ಊರಿನ ಗದ್ದೆಯಲ್ಲಿ ಸಾಲು ನಾಟಿಯ ಪ್ರಾತ್ಯಕ್ಷಿಕೆ ಇಟ್ಟುಕೊಂಡಿದ್ದೆವು. ಹಗ್ಗ ಹಿಡಿದು ಬಗ್ಗಿ ನಾಲ್ಕು ಸಾಲು ನೆಡುವಷ್ಟರಲ್ಲಿ ನನಗೆ ಏದುಸಿರು ಬಂದುಬಿಟ್ಟಿತು. ಬದುವಿನ ಮೇಲೆ ಕುಳಿತಿದ್ದ, ಎಪ್ಪತ್ತು ದಾಟಿದ ಯಜಮಾನರೊಬ್ಬರು, "ಏನ್ ಸಾಮಿ, ಪೈರಿಗೆ ಅಂತರ ಬಿಡಿ ಅಂತ ನಮಗ್ ಹೇಳ್ತೀರಿ, ನಿಮ್ ಹೊಟ್ಟೆಗೂ ಪ್ಯಾಂಟಿಗೂ ಅಂತರಾನೇ ಇಲ್ವಲ್ಲ!" ಎಂದರು. ನೆರೆದವರೆಲ್ಲ ನಕ್ಕರು, ನಾನೂ ನಕ್ಕೆ. ಆದರೆ ಆ ರಾತ್ರಿ ಸ್ನಾನ ಮಾಡುವಾಗ ನೋಡಿಕೊಂಡರೆ, ಅಮ್ಮ ಕಟ್ಟಿದ್ದ ಉಡುದಾರ ಸೊಂಟವನ್ನು ಒತ್ತಿ ಕೆಂಪಗೆ ಗೆರೆ ಎಬ್ಬಿಸಿತ್ತು.

ಬರೀ ನಗೆಚಾಟಿಕೆಯಾಗಿದ್ದರೆ ನಾನು ಮರೆತುಬಿಡುತ್ತಿದ್ದೆನೋ ಏನೋ. ಅದೇ ತಿಂಗಳಲ್ಲಿ ನಮ್ಮ ದೊಡ್ಡಪ್ಪನ ಬಲಗಾಲಿನ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಅದುವರೆಗೆ ಯಾರಿಗೂ ಗೊತ್ತಿರಲಿಲ್ಲ. ಕಬ್ಬಿನ ಕೂಳೆ ಚುಚ್ಚಿ ಆದ ಗಾಯ. ಚುಚ್ಚಿದ್ದೇ ಅವರಿಗೆ ತಿಳಿಯಲಿಲ್ಲ. ತಿಳಿದ ಮೇಲೆ ಅರಿಸಿನ ಮೆತ್ತಿಕೊಂಡು ಹದಿನೈದು ದಿನ ಕಳೆದರು. ಆಸ್ಪತ್ರೆಗೆ ಕರೆದುಕೊಂಡು ಹೋಗುವ ಹೊತ್ತಿಗೆ ಕೀವು ಮೂಳೆಯವರೆಗೆ ಇಳಿದಿತ್ತು. ಸಕ್ಕರೆ ಕಾಯಿಲೆ ಬಹುಕಾಲ ಮೈಯಲ್ಲಿ ಅಡಗಿ ಕುಳಿತರೆ ಪಾದದ ನರಗಳು ಮಂದವಾಗುತ್ತವೆ, ಅಲ್ಲಿಗೆ ರಕ್ತ ಹರಿಯುವುದೂ ಕಡಿಮೆಯಾಗುತ್ತದೆ. ಆದುದರಿಂದ ಗಾಯ ನೋಯುವುದಿಲ್ಲ, ಬೇಗ ಮಾಯುವುದೂ ಇಲ್ಲ. ಬರಿಗಾಲಿನಲ್ಲಿ ಗದ್ದೆಗೆ ಇಳಿಯುವವರಿಗೆ ಇದು ಎಂಥ ಅಪಾಯವೆಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

ದೊಡ್ಡಪ್ಪ ಸೋಮಾರಿಯಲ್ಲ. ಊರಿನಲ್ಲಿ ಅವರಷ್ಟು ದುಡಿದವರು ಕಡಿಮೆ. ಹಾಗಾದರೆ ಅವರ ಹೊಟ್ಟೆ ಬೆಳೆದದ್ದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ನಮ್ಮ ಅರ್ಧ ಪಾಠ ಮುಗಿದಂತೆ.

ನೇಗಿಲ ಹಿಂದಿನ ನಡಿಗೆ

ಒಂದು ಲೆಕ್ಕ ಹಾಕಿ ನೋಡೋಣ. ಎಕರೆಗೆ 4,047 ಚದರ ಮೀಟರು. ಸಾಲಿಗೂ ಸಾಲಿಗೂ ಒಂದು ಗೇಣು ಅಂತರವೆಂದು ಹಿಡಿದರೆ, ಒಂದು ಎಕರೆಯನ್ನು ಒಂದು ಸಲ ಉಳುವುದಕ್ಕೆ ನೇಗಿಲ ಹಿಂದೆ ಸುಮಾರು 18 ಕಿಲೋಮೀಟರು ನಡೆಯಬೇಕಾಗುತ್ತದೆ. ಅದೂ ಮೇಣಿ ಒತ್ತಿಕೊಂಡು, ಹೆಂಟೆಗಳ ಮೇಲೆ. ದೊಡ್ಡಪ್ಪ ಪ್ರಾಯದಲ್ಲಿ ಎರಡು ಎಕರೆಯನ್ನು ಹೀಗೆ ಎರಡೆರಡು, ಮೂರು ಮೂರು ಸಲ ಉತ್ತವರು. ಈಗ ಟ್ರ್ಯಾಕ್ಟರು ಒಂದೆರಡು ಗಂಟೆಯಲ್ಲಿ ಎಕರೆ ಮುಗಿಸುತ್ತದೆ. ಯಜಮಾನ ಬದುವಿನ ಮೇಲೆ ನಿಂತು ನೋಡುತ್ತಾನೆ. ತಾತಂದಿರ ಕಾಲದ ಕಪಿಲೆ ಹೋಗಿ ಪಂಪ್‌ಸೆಟ್ಟು ಬಂತು. ಒಕ್ಕಣೆಗೆ ಯಂತ್ರ ಬಂತು. ಮನೆಯಲ್ಲಿ ಒರಳು ಒನಕೆ, ಬೀಸುವ ಕಲ್ಲು ಮೂಲೆ ಸೇರಿದವು. ಇದನ್ನು ತಪ್ಪೆನ್ನುತ್ತಿಲ್ಲ. ಬೆನ್ನು ಮುರಿಯುವ ಆ ದುಡಿಮೆ ಮತ್ತೆ ಬರಲಿ ಎನ್ನುವವರು ಒಂದು ದಿನವಾದರೂ ರಾಗಿ ಬೀಸಿ ನೋಡಬೇಕು! ನಾನು ಹೇಳುವುದು ಇಷ್ಟೆ: ಕೆಲಸ ಯಂತ್ರಕ್ಕೆ ಹೋಯಿತು, ತಟ್ಟೆ ಮಾತ್ರ ಹಾಗೆಯೇ ಉಳಿಯಿತು. ದೊಡ್ಡಪ್ಪ ಉಳುತ್ತಿದ್ದಾಗ ಹೊತ್ತಿಗೆ ಎರಡು ದೊಡ್ಡ ಮುದ್ದೆ ಉಣ್ಣುತ್ತಿದ್ದರು. ಎತ್ತು ಮಾರಿ ಹನ್ನೆರಡು ವರ್ಷ ಕಳೆದ ಮೇಲೂ ಅದೇ ಎರಡು ಮುದ್ದೆ, ಮೇಲೊಂದಿಷ್ಟು ಅನ್ನ.

ದನ ಕಟ್ಟಿದವರಿಗೆ ಈ ಮಾತು ಹೊಸದಲ್ಲ. ಉಳುವ ಕಾಲದಲ್ಲಿ ಎತ್ತಿಗೆ ಹುರುಳಿ ಬೇಯಿಸಿ ಹಾಕುತ್ತೀರಿ, ಹಿಂಡಿ ಇಡುತ್ತೀರಿ. ಕೆಲಸವಿಲ್ಲದೆ ಕೊಟ್ಟಿಗೆಯಲ್ಲಿ ಕಟ್ಟಿದ ತಿಂಗಳುಗಳಲ್ಲಿ ಹುಲ್ಲು, ಸೊಪ್ಪು, ನೀರು ಸಾಕೆನ್ನುತ್ತೀರಿ. ಎತ್ತಿನ ವಿಷಯದಲ್ಲಿ ಇಷ್ಟು ತಿಳಿವಳಿಕೆಯುಳ್ಳ ನಾವು ನಮ್ಮ ವಿಷಯದಲ್ಲಿ ಮಾತ್ರ ನಾಟಿಯ ದಿನಕ್ಕೂ ಅರಳಿಕಟ್ಟೆಯ ಮೇಲೆ ಕುಳಿತ ದಿನಕ್ಕೂ ಒಂದೇ ತಟ್ಟೆ ಇಟ್ಟುಕೊಂಡಿದ್ದೇವೆ.

ಇದು ಒಂದೆರಡು ಮನೆಯ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ತೂಕ ಮೀರಿದವರು 2015-16ರಲ್ಲಿ ನೂರಕ್ಕೆ ಸುಮಾರು 23 ಇದ್ದರು. 2019-21ರಲ್ಲಿ 30 ಆದರು. ಗಂಡಸರಲ್ಲಿ ನೂರಕ್ಕೆ 22 ಇದ್ದುದು 31ಕ್ಕೆ ಏರಿತು. ಪಟ್ಟಣ, ಹಳ್ಳಿ ಎರಡೂ ಸೇರಿದ ಲೆಕ್ಕ ಇದು. ಆದರೆ ಹಳ್ಳಿ ಇದರಿಂದ ಹೊರಗಿದೆಯೆಂದು ಯಾರೂ ಸಮಾಧಾನಪಟ್ಟುಕೊಳ್ಳಬಾರದು.

ಅಳೆಯುವ ಬಗೆ

ತೂಕದ ಯಂತ್ರವಿಲ್ಲದೆಯೂ ಅಳೆಯಬಹುದು. ಒಂದು ದಾರ ತೆಗೆದುಕೊಳ್ಳಿ. ಗೋಡೆಗೆ ಒರಗಿ ನಿಂತು ನೆತ್ತಿಯಿಂದ ಅಂಗಾಲಿನವರೆಗೆ ನಿಮ್ಮ ಎತ್ತರದಷ್ಟು ದಾರವನ್ನು ಇನ್ನೊಬ್ಬರಿಂದ ಕತ್ತರಿಸಿಸಿ. ಅದನ್ನು ಸರಿಯಾಗಿ ಎರಡು ಮಡಿಕೆ ಮಾಡಿ. ಈ ಅರ್ಧ ದಾರವನ್ನು ಹೊಟ್ಟೆಯ ಸುತ್ತ, ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಸಾಧಾರಣವಾಗಿ ಉಸಿರು ಬಿಟ್ಟು ಹಿಡಿಯಿರಿ. ಹೊಟ್ಟೆ ಒಳಗೆಳೆದುಕೊಂಡರೆ ಮೋಸ ಹೋಗುವವರು ನೀವೇ. ತುದಿಗಳು ಕೂಡಿದರೆ ಒಳ್ಳೆಯದು. ಕೂಡದಿದ್ದರೆ ನಿಮ್ಮ ಸುತ್ತಳತೆ ಎತ್ತರದ ಅರ್ಧವನ್ನು ಮೀರಿದೆಯೆಂದು ಅರ್ಥ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯದ ತೊಂದರೆಗಳ ಸಂಭವ ಹೆಚ್ಚು. ಟೇಪಿನಲ್ಲಿ ಅಳೆಯುವವರಿಗೆ ನಮ್ಮ ದೇಶದವರ ಮಟ್ಟಿಗೆ ಹೇಳಿರುವ ಮಿತಿ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80. ಬಸುರಿಯರಿಗೆ ಈ ಅಳತೆ ಸಲ್ಲದು.

ಕೈಕಾಲು ಸಣ್ಣಗಿದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮಲ್ಲಿ ಬಹಳ. "ನಾನೇನು ದಪ್ಪವಿಲ್ಲ" ಎಂದು ಅವರು ಹೇಳುವುದುಂಟು. ಕೆಡುಕು ಮಾಡುವುದು ಹೊಟ್ಟೆಯೊಳಗೆ ಕರುಳು, ಯಕೃತ್ತುಗಳ ಸುತ್ತ ಸೇರುವ ಕೊಬ್ಬೇ ಆದುದರಿಂದ ಅಂಥವರು ಮೊದಲು ದಾರ ಹಿಡಿಯಬೇಕು. ನನ್ನ ದಾರದ ತುದಿಗಳ ನಡುವೆ ಹೋದ ವರ್ಷ ಆರು ಬೆರಳಿನ ಅಂತರವಿತ್ತು.

ಎಲ್ಲಿಂದ ಆರಂಭಿಸುವುದು

ಚಹಾದಿಂದ. ನಾನು ದಿನಕ್ಕೆ ಎಂಟು ಲೋಟ ಕುಡಿಯುತ್ತಿದ್ದೆ. ಲೋಟಕ್ಕೆ ಎರಡು ಚಮಚದಂತೆ ಸಕ್ಕರೆಯೇ 80 ಗ್ರಾಂ. ಅದರಿಂದ 320 ಕ್ಯಾಲೊರಿ ಶಾಖ. ಚುರುಕಾಗಿ ಒಂದು ಗಂಟೆ ನಡೆದರೂ ಅಷ್ಟು ಖರ್ಚಾಗುವುದು ಕಷ್ಟ. ಸಕ್ಕರೆ ದಿನಕ್ಕೆ 25 ಗ್ರಾಮಿನೊಳಗಿದ್ದರೆ ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ನಾನು ಎರಡು ಲೋಟಕ್ಕೆ ಇಳಿಸಿದೆ. ಹೇಳಿದಷ್ಟು ಸುಲಭವಾಗಿರಲಿಲ್ಲ. ಬೇಡವೆಂದರೆ, "ಯಾಕಪ್ಪ, ನಮ್ ಮನೇಲಿ ಸಕ್ರೆಗೆ ಬರ ಬಂದದಾ?" ಎಂದು ಮನೆಯೊಡತಿಯರು ಮುನಿಸಿಕೊಂಡರು. ಆಮೇಲೆ ನಾನೇ ಮುಂದಾಗಿ "ಅಮ್ಮಾ, ಒಂದು ಲೋಟ ಮಜ್ಜಿಗೆ ಕೊಡಿ" ಎಂದು ಕೇಳತೊಡಗಿದೆ. ಕೇಳಿ ಕುಡಿದವನ ಮೇಲೆ ಯಾರಿಗೂ ಕೋಪ ಬರುವುದಿಲ್ಲ.

ಆಲೆಮನೆಯ ಊರುಗಳವರು ಇಲ್ಲಿ ಒಂದು ಮಾತನ್ನು ಕೇಳಬೇಕು. ಸಕ್ಕರೆ ಬಿಟ್ಟು ಬೆಲ್ಲ ಹಾಕಿದರೆ ತೂಕಕ್ಕೆ ತೊಂದರೆಯಿಲ್ಲ ಎಂಬ ನಂಬಿಕೆ ಬಲವಾಗಿದೆ. ಬೆಲ್ಲದಲ್ಲಿ ಸ್ವಲ್ಪ ಖನಿಜಾಂಶವಿರುವುದು ನಿಜ. ಆದರೆ ಶಾಖದ ಲೆಕ್ಕದಲ್ಲಿ ಎರಡಕ್ಕೂ ಹೆಚ್ಚು ಭೇದವಿಲ್ಲ. ಬೆಲ್ಲವನ್ನು ಬೆಳೆದು ಮಾರೋಣ. ತಿನ್ನುವಾಗ ಸಕ್ಕರೆಯೆಂದೇ ಎಣಿಸೋಣ.

ರಾಗಿಯ ವಿಷಯವೂ ಹೀಗೆಯೇ. ರಾಗಿ ನಮ್ಮ ಹೆಮ್ಮೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿನ ಅಂಶವಿದೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ನೂರು ಗ್ರಾಂ ರಾಗಿಹಿಟ್ಟು ಸುಮಾರು 320 ಕ್ಯಾಲೊರಿ ಕೊಡುತ್ತದೆ, ಅಕ್ಕಿ 350 ಕೊಡುತ್ತದೆ. ಅಂದರೆ ಮುದ್ದೆ ಉಂಡ ಮಾತ್ರಕ್ಕೆ ತೂಕ ಇಳಿಯದು, ಎಷ್ಟು ಮುದ್ದೆ ಎಂಬುದೇ ಮುಖ್ಯ. ಎರಡು ಮುದ್ದೆಯ ಮೇಲೆ ನೀರುಸಾರು ಹೊಯ್ದು ಉಣ್ಣುವುದಕ್ಕಿಂತ, ಒಂದು ಮುದ್ದೆಗೆ ಹಿಂದಿನ ದುಪ್ಪಟ್ಟು ಸೊಪ್ಪು ಕಾಳು ಹಾಕಿಕೊಂಡು ಉಣ್ಣುವುದು ಮೇಲು. ಹುರುಳಿ, ಅವರೆ, ಅಲಸಂದೆ, ಹೆಸರು, ಬದುವಿನ ಮೇಲಿನ ಬೆರಕೆ ಸೊಪ್ಪು, ಇವುಗಳ ಬಸ್ಸಾರು ಹೊಟ್ಟೆ ತುಂಬಿಸಿ ಹಸಿವನ್ನು ಬಹಳ ಹೊತ್ತು ತಡೆಯುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರಡಿಸಿದ ಮಾದರಿ ತಟ್ಟೆಯಲ್ಲಿ, 2,000 ಕ್ಯಾಲೊರಿಯ ಊಟಕ್ಕೆ, ಧಾನ್ಯ 250 ಗ್ರಾಂ, ತರಕಾರಿ ಸೊಪ್ಪು 400 ಗ್ರಾಂ ಇವೆ. ನಮ್ಮ ಮನೆಗಳ ತಟ್ಟೆಯಲ್ಲಿ ಇದು ತಲೆಕೆಳಗಾಗಿದೆ. ಗದ್ದೆ ಕೆಲಸ ಜೋರಾಗಿರುವ ದಿನಗಳಲ್ಲಿ ಇನ್ನೊಂದು ಮುದ್ದೆ ಉಂಡರೆ ತಪ್ಪಿಲ್ಲ. ಎತ್ತಿನ ಲೆಕ್ಕ ನೆನಪಿರಲಿ.

ಅದೇ ಮಾದರಿಯಲ್ಲಿ ಎಣ್ಣೆ ತುಪ್ಪ ಎರಡೂ ಸೇರಿ ತಲೆಗೆ ದಿನಕ್ಕೆ 27 ಗ್ರಾಂ. ತಿಂಗಳಿಗೆ ತಲೆಗೆ ಒಂದು ಲೀಟರಿಗಿಂತ ಕಡಿಮೆಯೇ ಬಂತು. ನಾಲ್ಕು ಜನರ ಮನೆಗೆ ಎಷ್ಟು ಡಬ್ಬಿ ಬರುತ್ತದೆಂದು ಅಂಗಡಿಯ ಚೀಟಿ ನೋಡಿದರೆ ತಿಳಿಯುತ್ತದೆ. ಸಂತೆಯ ಬೋಂಡ, ಮಕ್ಕಳಿಗೆಂದು ತಂದ ಕುರುಕಲು ಇದರಲ್ಲಿ ಸೇರಿಲ್ಲ.

ಮನೆಯ ಹೆಂಗಸರ ಮಾತನ್ನು ಇಲ್ಲಿ ಬಿಡಲಾಗದು. ಎಲ್ಲರದೂ ಆದ ಮೇಲೆ ಕಡೆಗೆ ಕುಳಿತು, ಮಿಕ್ಕ ಮುದ್ದೆ ಹಾಳಾಗಬಾರದೆಂದು ತಾವೇ ಉಂಡು, ಸೊಪ್ಪು ಕಾಳು ಅಷ್ಟರಲ್ಲಿ ಮುಗಿದಿದ್ದರೆ ಸಾರಿನ ತಿಳಿಯಲ್ಲೇ ಕೈ ತೊಳೆಯುವವರು ಬಹಳ. ಹೀಗೆ ಮೈ ಊದಿದರೂ ರಕ್ತಹೀನತೆ ಹಾಗೆಯೇ ಉಳಿಯುತ್ತದೆ. ಎಲ್ಲರೂ ಒಟ್ಟಿಗೆ ಕುಳಿತು ಉಂಡರೆ ಇದು ತಾನಾಗಿ ತಪ್ಪುತ್ತದೆ. ಮಿಕ್ಕದ್ದು ಹಸುವಿಗೆ ಹೋಗಲಿ.

ರಾತ್ರಿ ಪಾಳಿಯ ಕರೆಂಟಿಗೆ ಎದ್ದು ಮೋಟಾರು ಹಾಕಲು ಹೋಗುವವರ ಕಷ್ಟ ನನಗೆ ಗೊತ್ತಿದೆ. ನಿದ್ದೆಗೆಟ್ಟ ಮರುದಿನ ಹಸಿವು ಹೆಚ್ಚು, ಸಿಹಿಯ ಮೇಲೆ ಆಸೆ ಹೆಚ್ಚು. ಅಂಥ ದಿನ ಮಧ್ಯಾಹ್ನ ಸ್ವಲ್ಪ ಹೊತ್ತು ಮಲಗಿ. ಸರಿರಾತ್ರಿಯ ಬನ್ನು, ಚಹಾ ಬಿಡಿ.

ಇನ್ನು ವ್ಯಾಯಾಮ

"ದಿನಾ ದುಡಿಯೋರಿಗೆ ಎಂಥಾ ವ್ಯಾಯಾಮ?" ಎಂದು ಕೇಳುತ್ತೀರಿ. ನಾಟಿ, ಕಳೆ, ಕಟಾವಿನ ದಿನಗಳಲ್ಲಿ ಖಂಡಿತ ಬೇಡ. ಮಿಕ್ಕ ದಿನಗಳಲ್ಲಿ ನಿನ್ನೆ ನೀವು ಎಷ್ಟು ಹೊತ್ತು ಬೆವರಿದಿರಿ ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಮೈ ಬೆಚ್ಚಗಾಗುವ ಚಟುವಟಿಕೆ, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ವಾರಕ್ಕೆ ಐದು ದಿನ ಅರ್ಧ ಗಂಟೆ ನಡೆದರೆ 150 ಆಯಿತು. ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ಬಿರುಸು ಸಾಕು. ಹೊಲ ಒಂದೂವರೆ ಕಿಲೋಮೀಟರಿನೊಳಗಿದ್ದರೆ ಬೈಕನ್ನು ಮನೆಯಲ್ಲೇ ಬಿಡಿ. ಹೋಗಿ ಬರುವುದರಲ್ಲಿ ಆ ದಿನದ ಪಾಲು ಮುಗಿಯುತ್ತದೆ. ಬಲಕ್ಕೆ ಗುದ್ದಲಿ ಇದೆ, ಬಸ್ಕಿ ಇದೆ. ಗರಡಿ ಮನೆ ಇನ್ನೂ ನಿಂತಿರುವ ಊರುಗಳವರು ಅದರ ಬೀಗ ತೆಗೆಯಿರಿ. ಆದರೆ ನಲವತ್ತು ದಾಟಿದವರು ಮೊದಲ ದಿನವೇ ನೂರು ಬಸ್ಕಿ ಹೊಡೆದು ಮಂಡಿ ಹಿಡಿದುಕೊಂಡು ನನ್ನನ್ನು ಬಯ್ಯಬಾರದು, ಹತ್ತರಿಂದ ಆರಂಭಿಸಿ.

ಹೆಂಗಸರು ಒಬ್ಬೊಬ್ಬರೇ ನಡೆಯಲು ಸಂಕೋಚಪಡುವುದು ಸಹಜ. ಡೇರಿಗೆ ಹಾಲು ಹಾಕಿದವರು ನಾಲ್ಕು ಮಂದಿ ಕೂಡಿ, ಖಾಲಿ ಕ್ಯಾನು ಹಿಡಿದು ಕೆರೆ ಏರಿಯವರೆಗೆ ಹೋಗಿ ಬಂದರೆ ಯಾರೂ ಏನೂ ಅನ್ನುವುದಿಲ್ಲ.

ನಡಿಗೆಯೊಂದರಿಂದಲೇ ತೂಕ ಇಳಿಯುವುದು ನಿಧಾನ. ಅರ್ಧ ಗಂಟೆಗೆ ಖರ್ಚಾಗುವುದು ಸುಮಾರು 100ರಿಂದ 150 ಕ್ಯಾಲೊರಿ. ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಇದೆ. ತಟ್ಟೆಯೂ ಜೊತೆಗೆ ಕೂಡಬೇಕು. ಹಾಗೆಂದು ನಡಿಗೆಯನ್ನು ಹಗುರವಾಗಿ ಕಾಣಬಾರದು. ನಮ್ಮ ದೇಶದಲ್ಲೇ ನಡೆದು 2006ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಗುಂಪು ಮಾಡಿ ನೋಡಿದರು. ಊಟ ತಿದ್ದಿಕೊಂಡು ದಿನಾ ನಡೆಯುವಂತೆ ಹೇಳಿದ ಗುಂಪಿನಲ್ಲಿ ಕಾಯಿಲೆಗೆ ಬೀಳುವ ಸಂಭವ ನೂರಕ್ಕೆ 28ರಷ್ಟು ತಗ್ಗಿತು. ವಿಶೇಷವೆಂದರೆ ಅವರ ತೂಕ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ! ಅಮೆರಿಕದ 2002ರ ಅಧ್ಯಯನದಲ್ಲಿ ತೂಕದ ನೂರಕ್ಕೆ 7 ಪಾಲು ಇಳಿಸುವ ಗುರಿಯೊಡನೆ ವಾರಕ್ಕೆ 150 ನಿಮಿಷ ನಡೆಸಿದಾಗ ಸಂಭವ ನೂರಕ್ಕೆ 58ರಷ್ಟು ತಗ್ಗಿತು. ಆದುದರಿಂದ ತಕ್ಕಡಿ ಒಂದು ತಿಂಗಳು ಅಲುಗದಿದ್ದರೂ ನಿಲ್ಲಿಸಬೇಡಿ. 80 ಕಿಲೋ ತೂಗುವವರು ಐದೂವರೆ ಕಿಲೋ ಇಳಿದರೆ ನೂರಕ್ಕೆ 7 ಆಯಿತು, ತೆಳ್ಳಗಿನ ಹುಡುಗನಾಗಬೇಕೆಂದಿಲ್ಲ. ತಿಂಗಳಿಗೆ ಎರಡು ಕಿಲೋಗಿಂತ ಬೇಗ ಇಳಿಸುವ ಆತುರ ಬೇಡ. ಹದಿನೈದು ದಿನದಲ್ಲಿ ಹತ್ತು ಕಿಲೋ ಇಳಿಸುವ ಪುಡಿಯೆಂದು ಮೊಬೈಲಿನಲ್ಲಿ ತೋರಿಸುವವರಿಗೆ ದುಡ್ಡು ಕೊಡುವ ಬದಲು ಆ ದುಡ್ಡಿಗೆ ಕಾಳು ತನ್ನಿ.

ಈ ಪಾಠ ಯಾರಿಗೆ ಅಲ್ಲವೆಂಬುದನ್ನೂ ಹೇಳಬೇಕು. ಬಸುರಿ ಬಾಣಂತಿಯರು, ಬೆಳೆಯುವ ಮಕ್ಕಳು, ಮೊದಲೇ ಸೊರಗಿದವರು ಊಟ ಕಡಿಮೆ ಮಾಡಕೂಡದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಊಟ ಇಳಿಸಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿದು ತಲೆ ಸುತ್ತಿ ಬೀಳಬಹುದು. ನಡೆಯುವಾಗ ಎದೆ ಹಿಡಿದಂತಾದರೆ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪ್ರಯತ್ನವಿಲ್ಲದೆ ತಾನಾಗಿ ತೂಕ ಇಳಿಯುತ್ತಿದ್ದರೆ ಸಂತೋಷಪಡಬೇಡಿ. ಅದು ಕ್ಷಯವೋ, ಸಕ್ಕರೆ ಕಾಯಿಲೆಯೋ ಇರಬಹುದು. ಮೂವತ್ತು ದಾಟಿದವರಿಗೆ ಸಕ್ಕರೆ, ರಕ್ತದೊತ್ತಡಗಳ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿದೆ. ದೊಡ್ಡಪ್ಪ ಆ ಕೇಂದ್ರದ ಮುಂದೆಯೇ ದಿನಾ ಡೇರಿಗೆ ಹೋಗಿ ಬರುತ್ತಿದ್ದರು.

ಸಂಕಲ್ಪ ಉಳಿಯುವುದು ಹೇಗೆ

ಮೊದಲ ಎರಡು ಸಲ ನನ್ನ ಸಂಕಲ್ಪ ಮುರಿಯಿತು. "ಸೋಮವಾರದಿಂದ ಎಲ್ಲ ಬಿಡುತ್ತೇನೆ" ಎಂದುಕೊಂಡು ಚಹಾ, ಅನ್ನ, ಕರಿದದ್ದು ಎಲ್ಲವನ್ನೂ ಒಟ್ಟಿಗೆ ಬಿಟ್ಟೆ. ಗುರುವಾರ ಒಂದು ಬೀಗರ ಊಟಕ್ಕೆ ಹೋಗಿ ಅಲ್ಲಿಗೆ ಎಲ್ಲ ಮುಗಿಯಿತು. ಮೂರನೆಯ ಸಲ ಎರಡೇ ವಿಷಯ ಹಿಡಿದೆ: ಚಹಾ ಎರಡು ಲೋಟ, ಹಳ್ಳಿಯೊಳಗೆ ಬೈಕಿಲ್ಲ, ಊರ ಬಾಗಿಲಲ್ಲಿ ನಿಲ್ಲಿಸಿ ನಡಿಗೆ. ಎರಡು ತಿಂಗಳಲ್ಲಿ ಇವು ರೂಢಿಯಾದ ಮೇಲೆ ರಾತ್ರಿಯ ಅನ್ನ ಬಿಟ್ಟೆ. ಬೀಗರ ಊಟಕ್ಕೆ ಈಗಲೂ ಹೋಗುತ್ತೇನೆ, ಉಣ್ಣುತ್ತೇನೆ, ಮರುದಿನ ಮತ್ತೆ ನನ್ನ ತಟ್ಟೆಗೆ ಬರುತ್ತೇನೆ. ಒಂದು ಸರದಿ ನೀರು ತಪ್ಪಿತೆಂದು ಯಾರಾದರೂ ಪೈರು ಕಿತ್ತುಹಾಕುತ್ತಾರೆಯೆ?

ಬರೆದಿಟ್ಟದ್ದೂ ನನಗೆ ಸಹಾಯವಾಯಿತು. ಅಮಾವಾಸ್ಯೆಯ ದಿನ ನಮ್ಮ ಕಡೆ ಆರು ಕಟ್ಟುವುದಿಲ್ಲ, ಎಲ್ಲರೂ ಊರಿನಲ್ಲೇ ಇರುತ್ತಾರೆ. ಅಂದು ಬೆಳಿಗ್ಗೆ ನಮ್ಮೂರ ಸೊಸೈಟಿಯಲ್ಲಿ ಗೊಬ್ಬರದ ಚೀಲ ತೂಗುವ ಯಂತ್ರದ ಮೇಲೆ ನಾವು ಐವರು ನಿಲ್ಲುತ್ತೇವೆ: ನಾನು, ದೊಡ್ಡಪ್ಪ, ದೊಡ್ಡಮ್ಮ, ಪಕ್ಕದ ಮನೆಯ ಇಬ್ಬರು. ತಾರೀಖು, ತೂಕ, ದಾರದ ಅಂತರ ಮೂರನ್ನೂ ಹಳೆಯ ಹಾಲಿನ ಲೆಕ್ಕದ ಪುಸ್ತಕದಲ್ಲಿ ದೊಡ್ಡಮ್ಮ ಬರೆಯುತ್ತಾರೆ. ಅವರ ಮುಂದೆ ಸುಳ್ಳು ನಡೆಯುವುದಿಲ್ಲ. ಹನ್ನೊಂದು ತಿಂಗಳಲ್ಲಿ ನಾನು 79ರಿಂದ 73ಕ್ಕೆ ಬಂದಿದ್ದೇನೆ. ನಡುವೆ ದೀಪಾವಳಿಯ ತಿಂಗಳು ಒಂದು ಕಿಲೋ ಏರಿದ್ದನ್ನೂ ಬರೆದಿಟ್ಟಿದ್ದಾರೆ. ದಾರದ ಅಂತರ ಆರು ಬೆರಳಿದ್ದದ್ದು ಮೂರಾಗಿದೆ. ದೊಡ್ಡಪ್ಪ ವೈದ್ಯರು ಹೇಳಿದ ಮಾತ್ರೆ ತಪ್ಪಿಸದೆ, ಚಪ್ಪಲಿ ಹಾಕಿಕೊಂಡು ನಿಧಾನವಾಗಿ ತೋಟದವರೆಗೆ ನಡೆಯುತ್ತಾರೆ. ಸಂಜೆ ದೊಡ್ಡಮ್ಮ ದೀಪ ಹಿಡಿದು ಅವರ ಅಂಗಾಲು ನೋಡುತ್ತಾರೆ.

ನಿಮ್ಮ ಊರಿನಲ್ಲಿಯೂ ನಾಲ್ಕು ಮಂದಿ ಸೇರುವುದಾದರೆ, ಮುಂದಿನ ಸಲ ನಾನು ಬಂದಾಗ ತಿಳಿಸಿ. ದಾರದ ಉಂಡೆ ನಾನೇ ತರುತ್ತೇನೆ. ಚಹಾ ಇಡಬೇಡಿ, ಮಜ್ಜಿಗೆ ಸಾಕು.